ನೊರೆಗಂಗಾದ ಗೋಡೆ ಕೆಮ್ಮಿದ ದಿನ

‘ಮಾತು ಆಡಿದರೆ ಬಂತು, ಮುತ್ತು ಕೊಟ್ಟರೆ ಹೋಯಿತು’ ಎಂಬುದು ನಮ್ಮೂರಿನ ಗಾದೆ. ನಿಮ್ಮ ಕಡೆ ಅದು ಬೇರೆ ಥರ ಇದೆಯಂತೆ. ಆಡಿದ ಮಾತೂ ಹೋಗುತ್ತದಂತೆ, ಒಡೆದ ಮುತ್ತೂ ಹೋಗುತ್ತದಂತೆ. ಪುಣ್ಯವಂತರು ನೀವು. ನಮ್ಮಲ್ಲಿ ಮುತ್ತು ಹೋದದ್ದು ಹೋದಂತೆಯೇ. ಮಾತು ಮಾತ್ರ ಮಾರನೆಯ ದಿನ ಅದೇ ಹೊತ್ತಿಗೆ, ಅದೇ ದನಿಯಲ್ಲಿ, ಗೋಡೆಯಿಂದ ವಾಪಸು ಬರುತ್ತದೆ. ಈಗ ಹೇಳಲಿರುವುದು ನಡೆದ ಕಥೆ. ಸುಳ್ಳೆನಿಸಿದರೆ ನಮ್ಮೂರಿಗೆ ಬಂದು ಯಾವ ಗೋಡೆಯನ್ನಾದರೂ ಕೇಳಿ. ಉತ್ತರ ಒಂದು ದಿನ ತಡವಾಗುತ್ತದೆ, ಅಷ್ಟೆ.

ಹೊರಗಿನವರಿಗೆ ಇದು ದೊಡ್ಡ ವಿಚಿತ್ರ. ನಮಗೆ ಇದು ನಲ್ಲಿ ನೀರಿದ್ದ ಹಾಗೆ. ಬಂದರೆ ಯಾರೂ ತಲೆಯೆತ್ತುವುದಿಲ್ಲ. ಊರ ಹೊರಗೊಂದು ಬಯಲಿದೆ, ಅದರ ಹೆಸರೇ ಜಗಳದ ಬಯಲು. ಸಂಜೆಯಾದರೆ ಗಂಡಹೆಂಡಿರು ಚಾಪೆ ಸುತ್ತಿಕೊಂಡು, ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಅಲ್ಲಿಗೆ ಹೋಗಿ, ಸಾವಕಾಶವಾಗಿ ಜಗಳವಾಡಿ, ದೀಪ ಹಚ್ಚುವ ಹೊತ್ತಿಗೆ ರಾಜಿಯಾಗಿ ಬರುತ್ತಾರೆ. ಹೆಣ್ಣು ನೋಡಲು ಬಂದವರು ಹೆಣ್ಣನ್ನು ನೋಡುವುದಕ್ಕಿಂತ ಆ ಮನೆಯ ನಿನ್ನೆಯ ಅಡುಗೆಮನೆಯನ್ನು ಕೇಳುವುದೇ ಹೆಚ್ಚು. ಅದಕ್ಕೇ ಬುದ್ಧಿವಂತರು ಹಿಂದಿನ ವಾರವೇ ಸುಣ್ಣ ಬಳಿಸಿಬಿಡುತ್ತಾರೆ. ಹಸಿ ಸುಣ್ಣದ ಗೋಡೆಗೆ ಗಂಟಲು ಕಟ್ಟಿರುತ್ತದೆ. ನಮ್ಮ ಶಾಲೆಯ ಮೇಷ್ಟ್ರು ಒಂದು ದಿನ ಪಾಠ ಮಾಡಿ ಮರುದಿನ ಗೋಡೆಗೆ ತರಗತಿ ಒಪ್ಪಿಸಿ ತೋಟಕ್ಕೆ ಹೋಗುತ್ತಿದ್ದರು. ಗೋಡೆ ತಾನು ಆಡಿದ್ದನ್ನು ತಾನೇ ಮತ್ತೆ ಆಡುವುದಿಲ್ಲವಾದ್ದರಿಂದ ಮೂರನೆಯ ದಿನ ಅವರು ಬರಲೇಬೇಕಾಗುತ್ತಿತ್ತು. ಪಂಚಾಯಿತಿಯಲ್ಲಂತೂ ಸಾಕ್ಷಿ, ವಕೀಲ ಯಾವುದೂ ಬೇಡ. ಗೋಡೆ ಹೇಳಿತು ಎಂದರೆ ಮುಗಿಯಿತು.

ಇಂಥ ಊರಿನಲ್ಲಿ ಇನ್ನೊಬ್ಬರ ದನಿ ತೆಗೆಯುವವನು ಹುಟ್ಟಬಾರದಿತ್ತು. ನಾನು ಹುಟ್ಟಿದೆ. ಹೆಸರು ಕಪಿನೀಪತಿ. ಗೆಳೆಯರು ‘ನೀಪತಿ’ಯನ್ನು ನನ್ನ ಮುಂದಿನ ಹೆಂಡತಿಗೆ ಬಿಟ್ಟುಕೊಟ್ಟು ಬರೀ ‘ಕಪಿ’ ಇಟ್ಟುಕೊಂಡರು. ಕಾಲೇಜಿನಲ್ಲಿ ತರ್ಕಶಾಸ್ತ್ರ ಓದಿ ಕುತರ್ಕದಲ್ಲಿ ಪಾಸಾದವನು ನಾನು. ಪ್ರಿನ್ಸಿಪಾಲರ ಸೀನು, ಲೈಬ್ರರಿಯವರ ಪಿಸುಮಾತು, ಕಂಡಕ್ಟರನ ‘ಮುಂದೆ ಹೋಗ್ರೀ’ ಎಲ್ಲವೂ ನನ್ನ ಗಂಟಲಿನಲ್ಲಿ ಬಾಡಿಗೆಗೆ ಇದ್ದವು. ಆದರೆ ಈ ಆಟವೆಲ್ಲ ಬಯಲಿನಲ್ಲಿ ಮಾತ್ರ. ಇನ್ನೊಬ್ಬರ ದನಿಯನ್ನು ಗೋಡೆಗೆ ಕೊಡುವುದೆಂದರೆ ನಮ್ಮೂರಿನಲ್ಲಿ ಕಳ್ಳನೋಟು ಅಚ್ಚು ಹಾಕಿದ ಹಾಗೆ. ಯಾರೂ ಮಾಡುವುದಿಲ್ಲ. ಯಾರೂ ಮಾಡುವುದಿಲ್ಲವಾದ್ದರಿಂದ ಯಾರಿಗೂ ಅನುಮಾನವೂ ಬರುವುದಿಲ್ಲ. ಈ ಎರಡನೆಯ ವಾಕ್ಯವನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ನನಗೆ ಕೆಲಸ ಸಿಕ್ಕಿದ್ದು ನೊರೆಗಂಗಾ ಸೋಡ ಫ್ಯಾಕ್ಟರಿಯಲ್ಲಿ. ಬೋರ್ಡು ಬರೆಯುವುದು, ಅಂಗಡಿಗಳಿಂದ ಆರ್ಡರು ಹಿಡಿಯುವುದು, ಬೆಳಿಗ್ಗೆ ಬೀಗ ತೆಗೆಯುವುದು, ಇವು ನನ್ನ ಪಾಲು. ಫ್ಯಾಕ್ಟರಿ ಎಂದರೆ ಒಂದೇ ಒಂದು ಉದ್ದನೆಯ ಹಾಲು. ಒಂದು ಕೊನೆಯಲ್ಲಿ ಬಾಟಲಿ ತೊಳೆಯುವ ತೊಟ್ಟಿ, ಇನ್ನೊಂದು ಕೊನೆಯಲ್ಲಿ ಗ್ಯಾಸ್ ತುಂಬುವ ಮೆಷಿನ್, ಮಧ್ಯದಲ್ಲಿ ನಮ್ಮ ಯಜಮಾನರು ವೃಷಭೇಂದ್ರಪ್ಪನವರ ಕುರ್ಚಿ. ಯಜಮಾನರು ಕೆಟ್ಟವರೆಂದು ತಿಳಿಯಬೇಡಿ. ಹಬ್ಬಕ್ಕೆ ಬಟ್ಟೆ ಕೊಡುತ್ತಿದ್ದರು, ಯಾರ ಮನೆಯಲ್ಲಾದರೂ ಕಾಯಿಲೆಯೆಂದರೆ ತಾವೇ ಹೋಗಿ ಎಳನೀರು ಇಟ್ಟು ಬರುತ್ತಿದ್ದರು. ಯಾರನ್ನೂ ಗದರಿದವರಲ್ಲ. ಆದರೆ ಅವರ ಮಾತಿಗೊಂದು ಬಾಲವಿತ್ತು. ಏನೇ ಹೇಳಿದರೂ ಕೊನೆಗೆ, “ಅರ್ಥ ಆಯ್ತಾ? ಆಗಿರಲ್ಲ ಬಿಡು,” ಎನ್ನುವರು. ದಿನಾ ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, “ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ ಇಲ್ಲ ತಾನೆ ಸರಿ ಕೆಲಸ ನೋಡಿ,” ಎಂದು ಒಂದೇ ಉಸಿರಿನಲ್ಲಿ ಕೇಳಿ, ಉತ್ತರವನ್ನೂ ತಾವೇ ಕೊಟ್ಟು, ಕೆಮ್ಮುವರು. ಆ ಕೆಮ್ಮು ಹಳೆಯ ಸ್ಕೂಟರು ಒದ್ದ ಹಾಗೆ. ಎರಡು ಸಲ ಹುಸಿ ಹೋಗಿ ಮೂರನೆಯದಕ್ಕೆ ಹತ್ತಿಕೊಳ್ಳುತ್ತಿತ್ತು.

ಈ ಫ್ಯಾಕ್ಟರಿಯಲ್ಲಿ ಉಗ್ರಪ್ಪನೆಂಬ ಒಬ್ಬನಿದ್ದ, ಬಾಟಲಿ ತೊಳೆಯುವವನು. ಹೆಸರು ಉಗ್ರಪ್ಪ, ಸ್ವಭಾವ ಬಾಳೆಹಣ್ಣು. ಒಂದು ದಿನ ತೊಟ್ಟಿಯ ಹತ್ತಿರ ಬಾಟಲಿಗಳನ್ನು ಬೆಳಕಿಗೆ ಹಿಡಿದು ನೋಡುತ್ತ, ಪಕ್ಕದಲ್ಲಿದ್ದವರಿಗೆ, “ಈ ಬಾಟ್ಲಿಗಳ ಕತ್ತೆಲ್ಲ ಸವೆದೋಗೈತೆ. ಯಜಮಾನ್ರಿಗೆ ಯಾರಪ್ಪ ಯೋಳೋರು? ಅವ್ರ ಕಿವೀನೂ ಗೋಲಿ ಸೋಡದ ಬಾಟ್ಲಿನೇ. ಬಾಯಲ್ಲೇ ಗೋಲಿ ಅಡ್ಡ ಕೂತೈತೆ,” ಎಂದ. ನಕ್ಕು ಮರೆತೆವು. ಗೋಡೆ ಮರೆಯಲಿಲ್ಲ. ಮರುದಿನ ಅದೇ ಹೊತ್ತಿಗೆ ಯಜಮಾನರು ತಮ್ಮ ಕುರ್ಚಿಯಲ್ಲಿ ಕೂತಿದ್ದಾಗಲೇ ಉಗ್ರಪ್ಪನ ದನಿ ಗೋಡೆಯಿಂದ ಬಂತು.

ಯಜಮಾನರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ವಾಸಿಯಿತ್ತು. ಮೆಷಿನ್ ನಿಲ್ಲಿಸಿ, ಎಲ್ಲರನ್ನೂ ಕರೆದು, ಉಗ್ರಪ್ಪನನ್ನು ಆ ಗೋಡೆಯ ಕೆಳಗೆ ನಿಲ್ಲಿಸಿ, “ಚೆನ್ನಾಗಿ ಹೇಳಿದ್ದೀಯಲ್ಲಯ್ಯ. ಎಲ್ಲಿ, ಇನ್ನೊಂದ್ಸಲ ಹೇಳು, ಎಲ್ರೂ ಕೇಳಲಿ. ಗೋಡೆ ಸುಳ್ಳು ಹೇಳಲ್ಲ ಕಣಯ್ಯ,” ಎಂದರು. ಎಂದು ನಮ್ಮ ಕಡೆ ನೋಡಿ ನಕ್ಕರು. ಯಜಮಾನರು ನಕ್ಕಮೇಲೆ ನಗದಿರಲು ನಮಗೇನು ಧೈರ್ಯ? ನಾವೂ ನಕ್ಕೆವು. ಉಗ್ರಪ್ಪ ನಿಂತಲ್ಲೇ ಸಣ್ಣಗಾಗುತ್ತ ಹೋದ. ಮಧ್ಯಾಹ್ನ ಊಟಕ್ಕೆಂದು ಹೋದವನು ತಿರುಗಿ ಬರಲಿಲ್ಲ. ಈಗ ಜಗಳದ ಬಯಲಿನಲ್ಲಿ ಸೌತೆಕಾಯಿ ಹೆಚ್ಚಿ ಉಪ್ಪುಖಾರ ಹಚ್ಚಿ ಮಾರುತ್ತಾನೆ. ಯಾಕಯ್ಯ ಇಲ್ಲಿ ಎಂದರೆ, “ಇಲ್ಲಿ ಗೋಡೆ ಇಲ್ಲ ಸ್ವಾಮಿ,” ಎನ್ನುತ್ತಾನೆ. ಯಜಮಾನರು ಮಾತ್ರ, “ನಾನೇನೂ ಅನ್ನಲಿಲ್ಲವಲ್ಲ! ಕೆಲಸ ಬಿಡಿಸಲೂ ಇಲ್ಲವಲ್ಲ!” ಎಂದು ನಿಜವಾಗಿಯೂ ಆಶ್ಚರ್ಯಪಡುತ್ತಿದ್ದರು.

ಅಂದಿನಿಂದ ನೊರೆಗಂಗಾದಲ್ಲಿ ಮಾತು ನಿಂತಿತು. ಕೈಸನ್ನೆ ಬೆಳೆಯಿತು. ಬಾಟಲಿ ಬೇಕೆಂದರೆ ಹೆಬ್ಬೆಟ್ಟು, ಗ್ಯಾಸ್ ಮುಗಿಯಿತೆಂದರೆ ಕೆನ್ನೆ ಉಬ್ಬಿಸುವುದು, ಯಜಮಾನರು ಬಂದರೆಂದರೆ ತಲೆಯ ಮೇಲೆ ಎರಡು ಕೊಂಬು. ಶರಬತ್ತು ಕಲಸುವ ಖಾಸಿಂ ಸಾಬರು ಹುಬ್ಬಿನಲ್ಲೇ ಒಂದು ಪೂರ್ತಿ ವಾಕ್ಯ ಹೇಳುವಷ್ಟು ಪಳಗಿದ್ದರು. ಮಾರನೆಯ ದಿನ ಗೋಡೆಯಿಂದ ಬರುತ್ತಿದ್ದದ್ದು ಬಾಟಲಿಯ ಟಿಣಿಟಿಣಿ ಮತ್ತು ಯಜಮಾನರ ಕೆಮ್ಮು ಮಾತ್ರ. ಯಜಮಾನರಿಗೆ ಹಿಗ್ಗೋ ಹಿಗ್ಗು. ಬಂದವರಿಗೆಲ್ಲ, “ಕೇಳಿ, ಕಿವಿಗೊಟ್ಟು ಕೇಳಿ! ಒಂದಾದರೂ ದೂರಿದೆಯಾ? ನೆಮ್ಮದಿ ಅಂದ್ರೆ ಇದು,” ಎನ್ನುವರು.

ನೆಮ್ಮದಿಗೆ ಒಂದು ಮುಳ್ಳಿತ್ತು. ಗ್ಯಾಸ್ ಟ್ಯಾಂಕಿನ ಮೇಲೆ ಗಡಿಯಾರದಂಥ ಒಂದು ಮೀಟರು, ಒಳಗೆಷ್ಟು ಗ್ಯಾಸ್ ಒತ್ತುತ್ತಿದೆ ಎಂದು ತೋರಿಸುವುದಕ್ಕೆ. ಅದರ ಮುಳ್ಳು ನಲವತ್ತರಲ್ಲಿ ಕೂತು ತಿಂಗಳುಗಳೇ ಆಗಿದ್ದವು. ಹೆಚ್ಚು ತುಂಬಿದರೂ ನಲವತ್ತು, ಕಡಿಮೆ ತುಂಬಿದರೂ ನಲವತ್ತು, ಮೆಷಿನ್ ನಿಂತರೂ ನಲವತ್ತು. ಮುಳ್ಳು ಸತ್ತಿದೆಯೆಂದು ನಮಗೆಲ್ಲರಿಗೂ ಗೊತ್ತಿತ್ತು. ಹೇಳಲು ಗೋಡೆ ಅಡ್ಡ. ಯಜಮಾನರಿಗೋ ಆ ಮುಳ್ಳೆಂದರೆ ಪ್ರಾಣ. “ನೋಡಿ ಕಲಿತುಕೊಳ್ಳಿ. ಒಂದು ಕೂದಲಷ್ಟೂ ಅಲ್ಲಾಡಲ್ಲ. ಅದು ಶಿಸ್ತು. ಅರ್ಥ ಆಯ್ತಾ? ಆಗಿರಲ್ಲ ಬಿಡು,” ಎಂದು ಅದನ್ನೇ ನಮಗೆ ಗುರುವಾಗಿ ತೋರಿಸುತ್ತಿದ್ದರು.

ಹೀಗಿರುವಾಗ ಅವರಿಗೆ ಸಿಡಿಲು ಸೋಡದ ಕನಸು ಬಿತ್ತು. ಪಕ್ಕದೂರಿನ ಸೋಡದವನ ಗೋಲಿ ಒತ್ತಿದರೆ ಬೀದಿಗೆ ಕೇಳುತ್ತದಂತೆ. ನಮ್ಮದು ಒತ್ತಿದರೆ ಪಕ್ಕದೂರಿಗೇ ಕೇಳಬೇಕು. ಶನಿವಾರ ಸಂಜೆ ಸಾಲು ನಿಲ್ಲಿಸಿ, “ಸೋಮವಾರ ಟೀ ಆದಮೇಲೆ ಡಬಲ್ ಗ್ಯಾಸ್ ತುಂಬ್ತೀವಿ. ಯಾರಿಗಾದ್ರೂ ಏನಾದ್ರೂ ಹೇಳೋದಿದ್ಯಾ ಇಲ್ಲ ತಾನೆ ಸರಿ,” ಎಂದು ಕೆಮ್ಮಿ ಮನೆಗೆ ಹೋದರು. ನಾನು ಬೋರ್ಡಿಗೆ ‘ಸಿಡಿಲು ಸೋಡ: ಕುಡಿದವರೇ ಗುಡುಗುವರು’ ಎಂದು ಬರೆದಿಟ್ಟು ಬಯಲಿಗೆ ಹೊರಟೆ.

ಬಯಲಿನಲ್ಲಿ ಉಗ್ರಪ್ಪನ ಬುಟ್ಟಿಯ ಹತ್ತಿರ ದ್ಯಾವಮ್ಮ ಕೂತಿದ್ದಳು. ಗ್ಯಾಸ್ ತುಂಬುವ ಮೆಷಿನ್ನಿನ ಚಕ್ರ ತಿರುಗಿಸುವವಳು ಅವಳೇ. ಟ್ಯಾಂಕಿಗೂ ಅವಳ ಮುಖಕ್ಕೂ ನಡುವೆ ಒಂದು ಮೊಳದ ದೂರ. ಹಿಂದಿನ ತಿಂಗಳು ಒಂದು ಬಾಟಲಿ ಸಿಡಿದು ಹುಬ್ಬಿನ ಮೇಲೆ ಗೆರೆ ಬಿದ್ದಿತ್ತು. ಆವತ್ತು ಬಾಗಿಲು ತಗುಲಿತೆಂದು ಯಜಮಾನರಿಗೆ ಹೇಳಿದ್ದಳು. ಯಾವತ್ತೂ ಬಾಯಿ ಮುಚ್ಚದವಳು ಅಂದು ಸೌತೆಕಾಯಿ ಹೋಳನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದಳು.

“ತಿನ್ನಮ್ಮ, ಖಾರ ಆರೋಗುತ್ತೆ,” ಎಂದೆ.

“ಕಣ್ಣು ಎರಡೇ ಇರೋದು ಕಣಪ್ಪ ಕಪಿ,” ಎಂದಳು. “ಡಬಲ್ ಅಂತೆ. ಟ್ಯಾಂಕಿನೊಳಗೆ ಈಗ ಎಷ್ಟೈತೆ ಅಂತ್ಲೇ ದೇವ್ರಿಗೂ ಗೊತ್ತಿಲ್ಲ. ಯಾವುದರ ಡಬಲ್ಲು?”

“ಯಜಮಾನ್ರಿಗೆ ಹೇಳಿಬಿಡು.”

“ನೀನು ಯೋಳು. ಬಿ.ಎ. ಓದಿದ್ದೀಯಲ್ಲ.”

ನಾನು ಸೌತೆಕಾಯಿ ತಿನ್ನತೊಡಗಿದೆ. ಉಗ್ರಪ್ಪ ಇನ್ನೊಂದು ಹೆಚ್ಚುತ್ತ, “ಯಾರೂ ಯೋಳಬ್ಯಾಡಿ. ನನ್ನ ಪಕ್ಕ ಇನ್ನೂ ಒಂದು ಬುಟ್ಟಿಗೆ ಜಾಗ ಐತೆ, ಎರಡಕ್ಕಿಲ್ಲ,” ಎಂದ.

“ಗೋಡೆ ಮುಂದೆ ನಿಂತ್ಕೊಂಡು ನಗಿಸ್ಕೊಳ್ಳೋದಕ್ಕಿಂತ ಮೆಷಿನ್ ಮುಂದೆ ನಿಲ್ಲೋದೇ ವಾಸಿ,” ಎಂದಳು ದ್ಯಾವಮ್ಮ. “ಅವರೇ ಒಂದು ಸಲ ಬಾಯ್ತುಂಬ ಕೇಳಿದ್ರೆ ಯೋಳಬೋದಿತ್ತು. ಅವ್ರು ಕೇಳೋದು ನನ್ನ ಸೊಸೆ ಊಟಕ್ಕೆ ಕರೆದಂಗೆ. ‘ಉಂಡಿರಲ್ಲ ಅತ್ತೆ?’ ಅಂತಾಳೆ, ಪಾತ್ರೆ ತೊಳೀತಾ.”

ಅವರೇ ಒಂದು ಸಲ ಕೇಳಿದರೆ! ನಾನು ತಿನ್ನುತ್ತಿದ್ದ ಹೋಳು ಗಂಟಲಿನಲ್ಲೇ ನಿಂತಿತು. ಅವರು ನನ್ನ ಗಂಟಲಿನಲ್ಲಿಯೇ ಇದ್ದರಲ್ಲ.

ಭಾನುವಾರ ಫ್ಯಾಕ್ಟರಿಗೆ ರಜೆ. ಆದರೆ ಯಜಮಾನರು ಬೆಳಿಗ್ಗೆ ಒಬ್ಬರೇ ಬಂದು, ಮೆಷಿನ್ನಿಗೆ ಹೂವಿಟ್ಟು ದೀಪ ಹಚ್ಚಿ, ಮುಳ್ಳಿಗೊಂದು ನಮಸ್ಕಾರ ಮಾಡಿ ಹೋಗುವುದು ಊರಿಗೆಲ್ಲ ಗೊತ್ತು. ಅವರು ಹೋದ ಮೇಲೆ ನಾನು ಬೀಗ ತೆಗೆದು ಒಳಗೆ ಹೋದೆ. ಹೊತ್ತು ನೋಡಿಕೊಂಡೆ. ಸೋಮವಾರ ಇದೇ ಹೊತ್ತಿಗೆ ಮೆಷಿನ್ ನಿಲ್ಲಿಸಿ ಎಲ್ಲರೂ ಟೀ ಕುಡಿಯುತ್ತಿರುತ್ತಾರೆ. ಉಗ್ರಪ್ಪನನ್ನು ನಿಲ್ಲಿಸಿದ್ದ ಗೋಡೆಯ ಮುಂದೆ ನಿಂತೆ. ಹೊಟ್ಟೆ ಮುಂದೆ ತಂದೆ, ಗದ್ದ ಒಳಗೆಳೆದೆ, ಎರಡು ಸಲ ಹುಸಿ ಕೆಮ್ಮಿ ಮೂರನೆಯದಕ್ಕೆ ಹತ್ತಿಸಿದೆ. ವೃಷಭೇಂದ್ರಪ್ಪನವರು ನನ್ನೊಳಗಿಂದ ಎದ್ದುಬಂದರು. ಬೇಕಾದ್ದನ್ನೆಲ್ಲ ಅವರ ಬಾಯಿಂದ ಹೇಳಿಸಿದೆ. ಆಮೇಲೆ ಬಾಗಿಲು ಹಾಕಿ ಮನೆಗೆ ಬಂದೆ. ಬಾಗಿಲು ಹಾಕುವ ಮೊದಲು, ಯಾರಾದರೂ ಕೇಳಿಸಿಕೊಂಡರೇನೋ ಎಂದು ಬಹಳ ಹೊತ್ತು ಬೀದಿ ನೋಡಿ ಬಂದು, ಅಲ್ಲೇ ನಿಂತು ಸ್ವಲ್ಪ ಸಂತೋಷಪಟ್ಟೆ, ಅಷ್ಟೆ. ಯಾರೂ ಇಲ್ಲದ ಕಡೆ ಕಲಾವಿದನೊಬ್ಬ ತನ್ನನ್ನು ತಾನು ಕೊಂಚ ಮೆಚ್ಚಿಕೊಂಡರೆ ಯಾರಿಗೇನು ನಷ್ಟ?

ಸೋಮವಾರ ಬಂತು. ಟೀ ಬಂತು. ಮೆಷಿನ್ ನಿಂತಿತು. ಯಜಮಾನರು ಕುರ್ಚಿಯಲ್ಲಿ ಕೂತು ಬಿಸ್ಕತ್ತನ್ನು ಟೀಯಲ್ಲಿ ಅದ್ದುತ್ತಿದ್ದರು. ದ್ಯಾವಮ್ಮ ಲೋಟ ಹಿಡಿದು ಟ್ಯಾಂಕನ್ನೇ ನೋಡುತ್ತಿದ್ದಳು. ಆಗ ಗೋಡೆ ಕೆಮ್ಮಿತು. ಯಜಮಾನರು ಅಭ್ಯಾಸಬಲದಿಂದ ತಾವೇ ಕೆಮ್ಮಿದೆವೆಂದುಕೊಂಡು ಎದೆ ನೀವಿಕೊಂಡರು.

“ಹ್ಞಾ… ಈ ಫ್ಯಾಕ್ಟರಿಯಲ್ಲಿ ಯಾಕಪ್ಪ ಯಾರೂ ಮಾತಾಡಲ್ಲ?” ಎಂದಿತು ಗೋಡೆ, ಅಪ್ಪಟ ವೃಷಭೇಂದ್ರಪ್ಪನವರ ದನಿಯಲ್ಲಿ. “ನಾನು ದಿನಾ ಕೇಳ್ತೀನಿ. ಕೇಳ್ತೀನಿ, ಆದ್ರೆ ಉತ್ತರಕ್ಕೆ ಕಾಯಲ್ಲ. ಅರ್ಥ ಆಯ್ತಾ? ಆಗಿರಲ್ಲ ಬಿಡು, ನನಗೇ ಈಗ ಆಗ್ತಾ ಇದೆ. ಆ ಉಗ್ರಪ್ಪನ್ನ ಇಲ್ಲಿ ನಿಲ್ಲಿಸಿ ನಗಿಸಬಾರದಿತ್ತು. ಅವನು ಹೇಳಿದ್ದು ಬಾಟಲಿ ವಿಷಯ, ನಾನು ಕೇಳಿಸಿಕೊಂಡಿದ್ದು ನನ್ನ ವಿಷಯ. ನಾಳೆ ಟೀ ಹೊತ್ತಲ್ಲಿ ಯಾರಾದ್ರೂ ಬಾಯಿಬಿಟ್ಟು ಈ ಮೆಷಿನ್ ವಿಷಯ ಹೇಳಿದ್ರೆ, ನನ್ನಾಣೆ, ಒಂದು ಮಾತೂ ಅನ್ನಲ್ಲ. ಎಲ್ರಿಗೂ ಕಾಲು ಕೇಜಿ ಮೈಸೂರು ಪಾಕು. ತುಪ್ಪದ್ದು.”

ಬಿಸ್ಕತ್ತು ಮುರಿದು ಟೀಯೊಳಗೆ ಬಿತ್ತು. ಎಲ್ಲರೂ ಗೋಡೆಯನ್ನೊಮ್ಮೆ ಯಜಮಾನರನ್ನೊಮ್ಮೆ ನೋಡಿದರು. ಯಜಮಾನರು ಎದ್ದು ನಿಂತು, “ಇದು… ನಾನು ಇದನ್ನ…” ಎಂದು ಬಾಯಿ ತೆರೆದವರು ಅಲ್ಲಿಗೇ ತಡೆದರು. ಅವರ ಕಣ್ಣು ಗೋಡೆಯ ಕೆಳಗೆ, ಉಗ್ರಪ್ಪ ನಿಂತಿದ್ದ ಜಾಗಕ್ಕೆ ಹೋಗಿತ್ತು. ‘ನಾನು ಹೇಳಲೇ ಇಲ್ಲ’ ಎಂದರೆ ಗೋಡೆ ಸುಳ್ಳು ಹೇಳುತ್ತದೆಂದು ಒಪ್ಪಬೇಕು. ಗೋಡೆ ಸುಳ್ಳು ಹೇಳಲ್ಲ ಕಣಯ್ಯ ಎಂದವರು ಅವರೇ. ಪಾಪ, ಬಾಯಿ ತೆರೆದೇ ಇತ್ತು, ಒಳಗಿನ ಗೋಲಿ ಮೇಲೂ ಹೋಗದು, ಕೆಳಗೂ ಬೀಳದು.

ಆಗ ದ್ಯಾವಮ್ಮ ಲೋಟವನ್ನು ನೆಲಕ್ಕಿಟ್ಟಳು. ಯಜಮಾನರ ಮುಖ ನೋಡುವ ಧೈರ್ಯ ಇನ್ನೂ ಇರಲಿಲ್ಲ, ಗೋಡೆಗೇ ಕೈಮುಗಿದು ಹೇಳಿದಳು: “ಗೋಡೆಯಪ್ಪ, ಕೇಳಿದ್ದೀಯ, ಅದಕ್ಕೇ ಯೋಳ್ತೀನಿ. ಮುಳ್ಳು ಸತ್ತೋಗೈತೆ.”

“ಏನಂದೆ?” ಎಂದರು ಯಜಮಾನರು.

ಆ ‘ಏನಂದೆ’ಗೆ ಎಷ್ಟೋ ಮಾತುಗಳು ಹಿಂದಕ್ಕೆ ಓಡಿಹೋಗಿದ್ದವು. ಆದರೆ ಹೊರಟ ಮಾತನ್ನು ತಡೆಯುವ ವಯಸ್ಸು ದ್ಯಾವಮ್ಮನಿಗೆ ದಾಟಿತ್ತು. “ಮುಳ್ಳು ಸತ್ತೋಗೈತೆ ಅಂದೆ ಯಜಮಾನ್ರೇ. ನೀವು ದಿನಾ ಶಿಸ್ತು ಅಂತ ತೋರಿಸ್ತೀರಲ್ಲ, ಅದು ಶಿಸ್ತಲ್ಲ, ಹೆಣ. ನೋಡಿ ಬೇಕಾದ್ರೆ,” ಎಂದು ಸರಸರನೆ ಹೋಗಿ ಟ್ಯಾಂಕಿನ ತಿರುಪು ತಿರುಗಿಸಿ ಗ್ಯಾಸನ್ನೆಲ್ಲ ಹೊರಕ್ಕೆ ಬಿಟ್ಟಳು. ಬುಸ್ಸೆಂದು ಹೊರಟ ಗ್ಯಾಸ್ ನಿಲ್ಲುವ ಹೊತ್ತಿಗೆ ನಮ್ಮ ಟೀಯೆಲ್ಲ ತಣ್ಣಗಾಗಿತ್ತು, ಅಷ್ಟಿತ್ತು ಒಳಗೆ. ಕೊನೆಗೆ ಟ್ಯಾಂಕು ಖಾಲಿಯಾಯಿತು. ಮುಳ್ಳು ನಲವತ್ತರಲ್ಲೇ ಇತ್ತು.

ಯಜಮಾನರು ಹತ್ತಿರ ಹೋದರು. ಕನ್ನಡಕ ಒರೆಸಿಕೊಂಡು ನೋಡಿದರು. ಬೆರಳಿನಿಂದ ಗಾಜಿನ ಮೇಲೆ ಟಕ್ ಟಕ್ ಎಂದರು. ಅವರ ಆ ಶಿಸ್ತಿನ ಗುರು ಕಳಚಿಕೊಂಡು ಗಾಜಿನೊಳಗೇ ಉದುರಿ ಬಿದ್ದಿತು.

ಅವರು ಅಲ್ಲೇ ಇದ್ದ ಕ್ರೇಟಿನ ಮೇಲೆ ಕೂತುಬಿಟ್ಟರು. ದ್ಯಾವಮ್ಮನ ಹುಬ್ಬನ್ನು ಬಹಳ ಹೊತ್ತು ನೋಡಿದರು. “ಅದು… ಬಾಗಿಲು ತಗುಲಿದ್ದಲ್ಲ, ಅಲ್ಲವೇನಮ್ಮ?”

“ಅಲ್ಲ ಯಜಮಾನ್ರೇ. ಬಾಟ್ಲಿ.”

“ಹೂಂ,” ಎಂದರು. ಇನ್ನೇನು ಬಾಲದ ಮಾತು ಬರುತ್ತದೆಂದು ನಾವು ಕಾದೆವು. ಬರಲಿಲ್ಲ. ಸ್ವಲ್ಪ ತಡೆದು, “ಆಮೇಲೆ?” ಎಂದರು.

ಅವರ ಗಂಟಲಿನಿಂದ ಆ ಪದ ಹಿಂದೆಂದೂ ಬಂದದ್ದನ್ನು ನಾನು ಕೇಳಿರಲಿಲ್ಲ. ಅದನ್ನು ನಾನು ಇವತ್ತಿಗೂ ಅನುಕರಿಸಲಾರೆ. ಖಾಸಿಂ ಸಾಬರ ಹುಬ್ಬು ಮೊದಲು ಎದ್ದಿತು, ಹಿಂದೆಯೇ ಬಾಯಿ. “ಹುಜೂರ್, ಆ ಹೊಸಾ ನಿಂಬೆ ಎಸೆನ್ಸು ಸೋಪಿನ ವಾಸನೆ ಹೊಡೀತದೆ. ಗಿರಾಕಿಗಳು ಕುಡಿದು ಕೈ ತೊಳ್ಕೊಳ್ತಾ ಇದಾರೆ.” ಯಜಮಾನರ ಗದ್ದ ಒಳಗೆ ಹೋಯಿತು, ಆ ಎಸೆನ್ಸು ತಂದವರು ಅವರ ಭಾವಮೈದುನ. ಕೈ ಅರ್ಧ ಎತ್ತಿದರು. ಎತ್ತಿದ ಕೈಯಿಂದ ತಲೆ ಕೆರೆದುಕೊಂಡು, “ಆಮೇಲೆ?” ಎಂದರು. ಅಲ್ಲಿಂದ ಸೋಡದ ಬುರುಗು ತಡೆಯಲಾಗಲಿಲ್ಲ. ತೊಟ್ಟಿಯ ನೀರು ಸೋರುವುದು, ಹೆಂಚಿನ ತೂತಿನಿಂದ ಪಾರಿವಾಳ ನೇರವಾಗಿ ಶರಬತ್ತಿಗೆ ಗುರಿಯಿಡುವುದು, ಸವೆದ ಬಾಟಲಿಗಳು, ಎಲ್ಲವೂ ಬಂದವು. ಒಬ್ಬೊಬ್ಬರೂ ತಮ್ಮ ದನಿಯನ್ನು ತಾವೇ ಬೆರಗಿನಿಂದ ಕೇಳಿಸಿಕೊಳ್ಳುತ್ತಿದ್ದರು. ನಾನು ಮೂಲೆಯಲ್ಲಿ ನಿಂತು, ನನ್ನಷ್ಟು ಬುದ್ಧಿವಂತ ಈ ಊರಿನಲ್ಲಿ ಹುಟ್ಟಿಲ್ಲವೆಂದುಕೊಳ್ಳುತ್ತಿದ್ದೆ.

ಆಗ ಗೋಡೆ ಮತ್ತೆ ಬಾಯಿ ತೆರೆಯಿತು.

“ಶಭಾಷ್ ಕಪಿ!” ಎಂದಿತು. ಈ ಸಲ ನನ್ನ ದನಿ. “ಆಹಾ, ಅವರಿಗಿಂತ ಚೆನ್ನಾಗಿ ಬಂತಲ್ಲೋ! ಇನ್ನೊಂದ್ಸಲ ಆ ಕೆಮ್ಮು ನೋಡೋಣ.” ಗೋಡೆ ಕೆಮ್ಮಿತು. “ಈಗ ಯಜಮಾನ್ರು ಕೊತ್ತಂಬರಿ ಚೌಕಾಸಿ ಮಾಡೋದು.” ಗೋಡೆ ವೃಷಭೇಂದ್ರಪ್ಪನವರಾಗಿ ಒಂದು ಕಟ್ಟು ಕೊತ್ತಂಬರಿಗೆ ಹೋರಾಡಿತು. “ಈಗ ಯಜಮಾನ್ರು ಮುಳ್ಳಿಗೆ ನಮಸ್ಕಾರ ಮಾಡೋದು. ‘ಗುರುವೇ, ನೀನೊಬ್ಬನೇ ನನಗೆ ಎದುರು ಮಾತಾಡದವನು. ಅರ್ಥ ಆಯ್ತಾ? ಆಗಿರಲ್ಲ ಬಿಡು.’” ಅದಾದ ಮೇಲೆ ನನ್ನ ನಗು. ಎಷ್ಟು ಹೊತ್ತಿಗೂ ಮುಗಿಯದ, ಕತ್ತೆಯಂಥ ನಗು.

ಹುಟ್ಟಿದಾಗಿನಿಂದ ಆ ಊರಿನಲ್ಲಿದ್ದೆ. ಗೋಡೆಗೆ ಮೋಸ ಮಾಡಿ, ಅದೇ ಗೋಡೆಯ ಮುಂದೆ ನಿಂತು ಸಂಭ್ರಮಪಟ್ಟಿದ್ದೆ. ಬಿ.ಎ.ಯಲ್ಲಿ ತರ್ಕಶಾಸ್ತ್ರ!

ನಗು ನಿಂತಿತು. ಈಗ ಹೋಗುವುದು ನನ್ನ ಕೆಲಸ ಮಾತ್ರವಲ್ಲ ಎಂದು ಆ ಕ್ಷಣದಲ್ಲಿ ಹೊಳೆಯಿತು. ಆ ಆಣೆ ಯಜಮಾನರದಲ್ಲ, ‘ಒಂದು ಮಾತೂ ಅನ್ನಲ್ಲ’ ಎಂದವನು ನಾನು. ಅದನ್ನು ನಂಬಿ ಬಾಯಿಬಿಟ್ಟವಳು ದ್ಯಾವಮ್ಮ. ಖಾಸಿಂ ಸಾಬರ ಹುಬ್ಬುಗಳು ಆಗಲೇ ಬಾಗಿಲು ಹಾಕಿಕೊಂಡಿದ್ದವು. ಯಜಮಾನರು ಒಂದು ಸಲ ‘ಗೋಡೆ ಕೆಳಗೆ ನಿಂತುಕೋ’ ಎಂದರೆ ಸಾಕು, ಇನ್ನು ಈ ಫ್ಯಾಕ್ಟರಿ ಮುಳುಗಿದರೂ ಯಾರೂ ನೀರು ಎನ್ನುವುದಿಲ್ಲ.

ಯಜಮಾನರು ಕ್ರೇಟಿನಿಂದ ಎದ್ದರು. ಮುಖ ರಾಗಿ ಮುದ್ದೆಯ ಬಣ್ಣಕ್ಕೆ ತಿರುಗಿತ್ತು. ನನ್ನ ಕಡೆ ಬರುತ್ತ ಬರುತ್ತ ಉಗ್ರಪ್ಪ ನಿಂತಿದ್ದ ಜಾಗದ ಹತ್ತಿರ ನಿಧಾನಿಸಿದರು. ಅದನ್ನು ತುಳಿಯದೆ ಪಕ್ಕದಿಂದ ದಾಟಿದರು. ನನ್ನನ್ನು ಬಿಟ್ಟು ಎಲ್ಲರ ಕಡೆಗೂ ತಿರುಗಿ, ಕೇಳಲೋ ಬೇಡವೋ ಎನ್ನುವ ಹಾಗೆ ಕೇಳಿದರು: “ನಾನು… ಹಾಗೇ ಕೆಮ್ಮೋದಾ?”

ಈ ಸಲ ಉತ್ತರವನ್ನು ತಾವೇ ಕೊಡಲಿಲ್ಲ. ಉತ್ತರಕ್ಕೆ ಕಾದರು. ನೊರೆಗಂಗಾದ ಚರಿತ್ರೆಯಲ್ಲಿ ಅವರು ತಮ್ಮ ಬಗ್ಗೆಯೇ ಕೇಳಿ ಉತ್ತರಕ್ಕೆ ಕಾದದ್ದು ಅದೇ ಮೊದಲು.

“ಇಲ್ಲ ಯಜಮಾನ್ರೇ,” ಎಂದಳು ದ್ಯಾವಮ್ಮ, ಈ ಸಲ ಅವರ ಮುಖ ನೋಡಿಕೊಂಡೇ. “ನೀವು ಇದಕ್ಕಿಂತ ಕೆಟ್ಟದಾಗಿ ಕೆಮ್ಮೋದು.”

ಅವರು ತಡೆದುಕೊಳ್ಳಲು ನೋಡಿದರು. ಹೊಟ್ಟೆ ಒಂದು ಸಲ ಕುಲುಕಿತು, ಎರಡು ಸಲ ಕುಲುಕಿತು, ಮೂರನೆಯದಕ್ಕೆ ಹತ್ತಿಕೊಂಡಿತು. ವೃಷಭೇಂದ್ರಪ್ಪನವರು ನಕ್ಕರು. ನಕ್ಕು ಕೆಮ್ಮು ಬಂತು, ಆ ಕೆಮ್ಮು ಕೇಳಿ ಎಲ್ಲರಿಗೂ ನಗು ಬಂತು, ಎಲ್ಲರೂ ನಗುವುದನ್ನು ಕಂಡು ಅವರಿಗೆ ಇ‍ನ್ನೂ ಜೋರಾಗಿ ಬಂತು. “ಉಗ್ರಪ್ಪ ಹೇಳಿದ್ದು ಸರಿ ಕಣ್ರಯ್ಯ,” ಎಂದು ಕಿವಿಗೆ ಬೆರಳಿಟ್ಟು ಅಲ್ಲಾಡಿಸಿ, “ಈಗ ಗೋಲಿ ಒಳಕ್ಕೆ ಬಿತ್ತು!” ಎಂದರು. ಕಣ್ಣೊರೆಸಿಕೊಳ್ಳುತ್ತ ನನ್ನ ಹತ್ತಿರ ಬಂದು ಕಿವಿ ಹಿಡಿದರು. “ಲೋ ಕಪಿ, ಇನ್ನು ಮೇಲೆ ನನ್ನ ದನೀಲಿ ಹೇಳೋದಿದ್ರೆ ನನ್ನ ಮುಂದೇನೇ ಹೇಳು. ಅದಿರಲಿ, ಮೈಸೂರು ಪಾಕು ತುಪ್ಪದ್ದು ಅಂದ್ಯಲ್ಲೋ ಪಾಪಿ, ಡಾಲ್ಡಾದ್ದು ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?”

“ಡಾಲ್ಡಾದ್ದು ಅಂದಿದ್ರೆ ಗೋಡೇಲಿ ಮಾತಾಡಿದ್ದು ನೀವೇ ಅಂತ ಎಲ್ರೂ ಪೂರ್ತಿ ನಂಬಿಬಿಡ್ತಿದ್ರು, ಯಜಮಾನ್ರೇ,” ಎಂದೆ. ಕಿವಿ ಇನ್ನೊಂದು ಸುತ್ತು ತಿರುಗಿತು.

ಮಂಗಳವಾರ ಬೆಳಿಗ್ಗೆ ನಾನು ಬೀಗ ತೆಗೆಯುತ್ತಿದ್ದಾಗ ಬೀದಿಯ ತುದಿಯಲ್ಲಿ ಒಂದು ಮೆರವಣಿಗೆ ಕಂಡಿತು. ಮುಂದೆ ಉಗ್ರಪ್ಪ ಕೈಬೀಸಿಕೊಂಡು. ಹಿಂದೆ ಯಜಮಾನರು, ತಲೆಯ ಮೇಲೆ ಸೌತೆಕಾಯಿ ಬುಟ್ಟಿ. ಹಿಂದಿನ ಸಂಜೆ ಬಯಲಿಗೆ ಹೋಗಿ ತಪ್ಪಾಯಿತೆಂದರಂತೆ. ಉಗ್ರಪ್ಪ ಒಪ್ಪಲಿಲ್ಲವಂತೆ. “ಬಯಲಲ್ಲಿ ಯಾರು ಬೇಕಾದ್ರೂ ತಪ್ಪಾಯ್ತು ಅಂತಾರೆ ಸ್ವಾಮಿ. ಗೋಡೆ ಮುಂದೆ ಅನ್ನಿ,” ಎಂದನಂತೆ. ನಮ್ಮೂರಿನ ಪದ್ಧತಿಯೇ ಅದು. ಬಯಲಿನಲ್ಲಿ ಕೇಳಿದ ಕ್ಷಮೆ ಲೆಕ್ಕಕ್ಕಿಲ್ಲ.

ಯಜಮಾನರು ಹಾಲಿಗೆ ಬಂದು, ಬುಟ್ಟಿ ಇಳಿಸಿ, ಅದೇ ಗೋಡೆಯ ಕೆಳಗೆ, ಅದೇ ಜಾಗದಲ್ಲಿ ನಿಂತು ಗಟ್ಟಿಯಾಗಿ, “ಉಗ್ರಪ್ಪ, ಅವತ್ತು ನಿನ್ನನ್ನು ನಿಲ್ಲಿಸಿ ನಗಿಸಿದ್ದು ನನ್ನ ತಪ್ಪು,” ಎಂದರು. ಬಾಲವಿಲ್ಲದ ಮಾತು. ಉಗ್ರಪ್ಪ ಗೋಡೆಯನ್ನು ತಟ್ಟಿ ನೋಡಿ, “ನಾಳೆ ಇನ್ನೊಂದ್ಸಲ ಕೇಳಿಸ್ಕೊಂಡು ಯೋಳ್ತೀನಿ,” ಎಂದು ತೊಟ್ಟಿಯ ಹತ್ತಿರ ಹೋಗಿ ತೋಳು ಮಡಿಸಿದ. ಸವೆದ ಬಾಟಲಿಗಳು ಅಂದೇ ಗುಜರಿಗೆ ಹೋದವು. ಸಿಡಿಲು ಸೋಡ ಹೊಸ ಮೀಟರು ಬರುವ ತನಕ ಮೋಡದಲ್ಲೇ ಇರಲೆಂದು ತೀರ್ಮಾನವಾಯಿತು.

ಟೀ ಹೊತ್ತಿಗೆ ಮೈಸೂರು ಪಾಕು ಬಂತು, ತುಪ್ಪದ್ದೇ. ಯಜಮಾನರು ಎಲ್ಲರನ್ನೂ ಗೋಡೆಯ ಮುಂದೆ ಕೂರಿಸಿ, ತಾವು ಮಾತ್ರ ಅದರ ಕೆಳಗೆ ನಿಂತರು. “ಉಗ್ರಪ್ಪ ನಿನ್ನೆ ಇರಲಿಲ್ಲ, ಅವನಿಗೂ ಕೇಳಲಿ,” ಎಂದರು. ಗೋಡೆ ಶುರುಮಾಡಿತು. ಮುಳ್ಳು ಸತ್ತೋಗೈತೆ ಎಂದಿತು, ಹೆಣ ಎಂದಿತು, ಬುಸ್ಸೆಂದಿತು, ಸೋಪಿನ ವಾಸನೆ ಎಂದಿತು, ಪಾರಿವಾಳ ಎಂದಿತು. ಭಾವಮೈದುನನ ಎಸೆನ್ಸಿನ ಮಾತು ಬಂದಾಗ ಯಜಮಾನರ ಗದ್ದ ಇನ್ನೊಮ್ಮೆ ಒಳಗೆ ಹೋಗಿ ಹೊರಗೆ ಬಂತು. ಆಮೇಲೆ, “ನೀವು ಇದಕ್ಕಿಂತ ಕೆಟ್ಟದಾಗಿ ಕೆಮ್ಮೋದು,” ಎಂದು ದ್ಯಾವಮ್ಮನ ದನಿ ಬಂತು. ಅದರ ಹಿಂದೆಯೇ ಗೋಡೆ ನಗತೊಡಗಿತು. ಎಲ್ಲರ ನಗುವೂ ಇತ್ತು ಅದರಲ್ಲಿ. ಎಲ್ಲಕ್ಕಿಂತ ಮೇಲೆ, ಏರಿ ಹತ್ತುವ ಹಳೆಯ ಸ್ಕೂಟರಿನಂತೆ, ವೃಷಭೇಂದ್ರಪ್ಪನವರದು.

ಯಜಮಾನರು ಬಾಯಲ್ಲಿದ್ದ ಮೈಸೂರು ಪಾಕನ್ನು ಅಲ್ಲೇ ನಿಲ್ಲಿಸಿ ಕಿವಿಗೊಟ್ಟರು. “ಅಯ್ಯಯ್ಯೋ,” ಎಂದರು. “ಇದೂ ಕಪಿದೇ ಕೆಲಸವೇನ್ರೋ? ನಾನು ನಗೋದು ಹೀಗಾ?”

ಉಗ್ರಪ್ಪ ಬಾಟಲಿಯೊಂದನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದವನು ಇತ್ತ ತಿರುಗಿ, “ಗೋಡೆ ಸುಳ್ಳು ಹೇಳಲ್ಲ ಕಣಯ್ಯ,” ಎಂದ, ಥೇಟ್ ಯಜಮಾನರ ದನಿಯಲ್ಲಿ. ನನಗಿಂತ ಚೆನ್ನಾಗಿತ್ತು.

ಆಮೇಲೆ ಗೋಡೆಯ ಮೇಲಿನ ವೃಷಭೇಂದ್ರಪ್ಪನವರಿಗೂ ಗೋಡೆಯ ಕೆಳಗಿನ ವೃಷಭೇಂದ್ರಪ್ಪನವರಿಗೂ ನಗುವಿನಲ್ಲಿ ಪಂದ್ಯ ಬಿತ್ತು. ಮೇಲಿನವರು ಸುಸ್ತಾಗಿ ನಿಂತರು. ಕೆಳಗಿನವರು ಗೋಡೆಗೆ ಒರಗಿಕೊಂಡು, ಹೊಟ್ಟೆ ಹಿಡಿದುಕೊಂಡು, ಪಕ್ಕದೂರಿಗೆ ಕೇಳುವ ಹಾಗೆ ಇನ್ನೂ ನಗುತ್ತಲೇ ಇದ್ದರು.